ಕಣ್ಣು ಕೊಟ್ಟರೆ ಸಾಲದು, ಪರೀಕ್ಷೆಗೂ ಒಪ್ಪಬೇಕು

ನಮ್ಮ ಚಿಕ್ಕಜಾಲದಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದಾಗ ಮನೆಯವರು ನೇತ್ರದಾನಕ್ಕೆ ಒಪ್ಪಿದರು. ನೇತ್ರ ಬ್ಯಾಂಕಿನವರು ರಕ್ತದ ಮಾದರಿ ಕೇಳಿ, ಕಾಯಿಲೆಗಳನ್ನು ವಿಚಾರಿಸಿದಾಗ ಮಾತ್ರ ಮಗ ಸಿಟ್ಟಾದರು: “ನಮ್ಮಪ್ಪನ ಮೇಲೆ ಅನುಮಾನವೇ?”

ಅನುಮಾನವಲ್ಲ. ದಾಸೋಹಕ್ಕೆ ಭಕ್ತರು ತಂದ ಅಕ್ಕಿಯನ್ನೂ ಕಲ್ಲು ಆರಿಸಿಯೇ ಬೇಯಿಸುತ್ತೇವೆ. ಸರ್ಕಾರಿ ಎಂಜಿನಿಯರನಾಗಿದ್ದಾಗ ನಾನು ನಂಬಿಕಸ್ಥ ಗುತ್ತಿಗೆದಾರರ ಕಾಂಕ್ರೀಟಿಗೂ ಕ್ಯೂಬ್ ಪರೀಕ್ಷೆ ತಪ್ಪಿಸುತ್ತಿರಲಿಲ್ಲ.

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇವೆಯೇ ಎಂದು ರಕ್ತದಲ್ಲಿ ನೋಡುತ್ತಾರೆ. ಆದರೆ ಕಾರ್ನಿಯಾ ಕಸಿಯಿಂದ ಹುಚ್ಚುನಾಯಿ ರೋಗ ಹರಡಿದ್ದೂ ಉಂಟು. ಅದರ ಸುಳಿವು ಮನೆಯವರ ಪ್ರಾಮಾಣಿಕ ಉತ್ತರದಿಂದಲೇ ಸಿಗಬೇಕು. ಮುಚ್ಚಿಟ್ಟರೆ ಪಡೆದವರ ಪ್ರಾಣಕ್ಕೇ ಕುತ್ತು. ಕಾರ್ನಿಯಾದ ಜೀವಕೋಶಗಳು ಸಾಕಷ್ಟಿವೆಯೇ ಎಂದೂ ಎಣಿಸುತ್ತಾರೆ.

2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು. ಅಂಗಾಂಶ ಚೊಕ್ಕವಾಗಿದ್ದರಷ್ಟೇ ಇಂಥದ್ದು ಸಾಧ್ಯ.

ನಮ್ಮ ಪಾಲಿನ ಕೆಲಸ ಸಣ್ಣದು. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ಕೂಡಲೇ ಫೋನ್ ಮಾಡಿ. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ. ಕೇಳಿದ್ದಕ್ಕೆ ನಿಜ ಹೇಳಿ. ಕ್ರಿಯಾಸಮಾಧಿಗೆ ಇದರಿಂದ ಅಡ್ಡಿಯಿಲ್ಲ.

ಮಠಗಳ ಗೋಷ್ಠಿಗಳಲ್ಲಿ ಪೂಜ್ಯರು ನೇತ್ರದಾನದ ಜೊತೆಗೆ ಈ ಮಾತನ್ನೂ ಹೇಳಲಿ. ಆ ಮಗ ಕೊನೆಗೆ ಒಪ್ಪಿದರು. ನಾವು ಮೊದಲೇ ಒಪ್ಪೋಣ.