ಅವತಾರ್ ಎರಡನೇ ಭಾಗ ಕನ್ನಡದಲ್ಲಿ ನೋಡಿದೆ, ಏನಿವಾಗ?

1/4
ಭಾನುವಾರ ನಾನು ಸ್ಟೇಟಸ್ ಹಾಕಿದ್ದು ಇಷ್ಟೇ: "ಅವತಾರ್ 2, ಕನ್ನಡ ಆಡಿಯೋ, ಅಜ್ಜಿ ಜೊತೆ. ಸಖತ್." ಬಂದ ರಿಪ್ಲೈಗಳಲ್ಲಿ ಮುಕ್ಕಾಲು ಪಾಲು ನಗುವ ಎಮೋಜಿ. ಒಬ್ಬ "ಲೋ, ಕನ್ನಡದಲ್ಲಾ? ಕಾಮಿಡಿ ಆಗಿರುತ್ತಲ್ಲೋ" ಅಂದ. ಇನ್ನೊಬ್ಬಳು "ಒರಿಜಿನಲ್ ಫೀಲ್ ಹಾಳ್ ಮಾಡ್ಕೊಂಡೆ ಬಿಡು" ಅಂತ ಸಂತಾಪ ಸೂಚಿಸಿದಳು. ತುರುವನೂರಿಂದ ದುರ್ಗಕ್ಕೆ ಬಸ್ಸಲ್ಲಿ ಬರ್ತಾ ಉತ್ತರ ಟೈಪ್ ಮಾಡೋಕೆ ಶುರು ಮಾಡಿದೆ, ಉದ್ದ ಆಯ್ತು. ಅದಕ್ಕೇ ನಾಲ್ಕು ಪೋಸ್ಟ್. ಓದಿ ಬೈರಿ, ಓದದೇ ಬೈಬೇಡಿ.

2/4
ಮೊದಲು ಸಿನಿಮಾ. ಮೊದಲ ಭಾಗ 2009ರಲ್ಲಿ ಬಂದಾಗ ಕನ್ನಡದಲ್ಲಿ ಇರಲಿಲ್ಲ. 13 ವರ್ಷ ಬಿಟ್ಟು, 2022ರ ಡಿಸೆಂಬರ್ 16ಕ್ಕೆ ಎರಡನೆಯದು ಬಂತು, ಕನ್ನಡದಲ್ಲೂ ಬಂತು. ಸೀಕ್ವೆಲ್ ಅಂದ್ರೆ ದುಡ್ಡಿಗೋಸ್ಕರ ಎಳೆಯೋದು ಅಂತೀರಲ್ಲ, ನನಗೆ ಇದೇ ಹೆಚ್ಚು ಹಿಡಿಸಿತು. ಮೊದಲ ಭಾಗದಲ್ಲಿ ಗೆದ್ದ ಜೇಕ್ ಇದರಲ್ಲಿ ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಕಾಡು ಬಿಟ್ಟು ಓಡ್ತಾನೆ. ಸಮುದ್ರದ ಜನರ ಮಧ್ಯೆ ಅವನ ಮಕ್ಕಳಿಗೆ ಬಾಲ ಸಣ್ಣ, ಕೈಗೆ ಐದು ಬೆರಳು ಅಂತ ಗೇಲಿ. ಹಳ್ಳಿಯಿಂದ ಬಂದು ಕಾಲೇಜಿನ ಮೊದಲನೇ ದಿನ ಕೊನೇ ಬೆಂಚಲ್ಲಿ ಕೂತವರಿಗೆ ಈ ಸೀನ್ ವಿವರಿಸೋದು ಬೇಕಿಲ್ಲ.

ಭೂಮಿ ಸಾಯ್ತಾ ಇದೆ. ಅದಕ್ಕೆ ಮನುಷ್ಯರು ಈ ಸಲ ಪಂಡೋರಾಗೆ ಬರೀ ಗಣಿ ಅಗೆಯೋಕೆ ಬಂದಿಲ್ಲ, ಅಲ್ಲೇ ಉಳಿಯೋಕೆ ಬಂದಿದ್ದಾರೆ. ಸತ್ತ ಕರ್ನಲ್‌ನ ನೆನಪನ್ನ ಸೇವ್ ಮಾಡಿಟ್ಟು ನೀಲಿ ದೇಹಕ್ಕೆ ತುಂಬಿ ವಾಪಸ್ ಡ್ಯೂಟಿಗೆ ಹಾಕಿದ್ದಾರೆ. ಸತ್ತರೂ ರಜೆ ಇಲ್ಲ! ಆಮೇಲೆ ಆ ಟುಲ್ಕುನ್ ಬೇಟೆ. ತಿಮಿಂಗಿಲದಂಥ ಪ್ರಾಣಿ, ಮನುಷ್ಯರಿಗಿಂತ ಬುದ್ಧಿವಂತ. ಅದರ ತಲೆ ಕೊರೆದು ಮುಪ್ಪು ನಿಲ್ಲಿಸೋ ಒಂದು ದ್ರವ ತೆಗೀತಾರೆ. ಒಂದು ಸಣ್ಣ ಸೀಸೆಗೆ 8 ಕೋಟಿ ಡಾಲರ್. ಉಳಿದ ದೇಹ ಸಮುದ್ರದ ಪಾಲು. ಬಿಕಾಂ ಮಕ್ಕಳೇ, ಈ ಕಾಸ್ಟಿಂಗ್ ಶೀಟಲ್ಲಿ ಆ ಪ್ರಾಣಿಯ ಜೀವ ಯಾವ ಕಾಲಂಗೆ ಬರುತ್ತೆ ಹೇಳಿ.

ಆ ದ್ರವದ ಹೆಸರು, ಇಂಗ್ಲಿಷಲ್ಲೂ, "ಅಮೃತ". ಅಜ್ಜಿ ತಲೆ ಎತ್ತಿ, "ಕೊಂದು ತೆಗೆದ್ರೆ ಅದೆಂಥ ಅಮೃತನೋ, ವಿಷ ಕಣೋ" ಅಂದ್ರು. ಇಂಗ್ಲಿಷಲ್ಲಿ ಹಾಕಿದ್ರೆ ಅಷ್ಟೊತ್ತಿಗೆ ಎದ್ದು ಹೋಗಿ ಮಲಗಿರ್ತಿದ್ರು.

3/4
ಈಗ ಒರಿಜಿನಲ್ ಫೀಲ್‌ಗೆ ಬರೋಣ. ಪಂಡೋರಾ ಜನರ ಭಾಷೆ ಇಂಗ್ಲಿಷ್ ಅಲ್ಲ, ನಾವಿ. ಪಾಲ್ ಫ್ರೋಮರ್ ಅನ್ನೋ ಭಾಷಾತಜ್ಞ ಅದನ್ನ ಕೂತು ಕಟ್ಟಿದ್ದು, ವ್ಯಾಕರಣ ಎಲ್ಲಾ ಇದೆ. ಎರಡನೇ ಭಾಗದ ಶುರುವಲ್ಲೇ ಜೇಕ್ ಹೇಳ್ತಾನೆ: ಆ ಭಾಷೆ ಎಷ್ಟು ರೂಢಿ ಆಗಿದೆ ಅಂದ್ರೆ ಈಗ ತನಗೆ ಇಂಗ್ಲಿಷ್ ಥರಾನೇ ಕೇಳಿಸುತ್ತೆ ಅಂತ. ಅಲ್ಲಿಂದ ಮನೆಮಂದಿಯೆಲ್ಲ ಇಂಗ್ಲಿಷಲ್ಲಿ ಮಾತಾಡ್ತಾರೆ. ಅರ್ಥ ಆಯ್ತಾ? ಜೇಮ್ಸ್ ಕ್ಯಾಮರೂನ್ ತನ್ನ ಜನಕ್ಕೋಸ್ಕರ ತನ್ನ ಸಿನಿಮಾನ ತಾನೇ ಡಬ್ ಮಾಡಿಕೊಂಡ. ನೀವು "ಒರಿಜಿನಲ್" ಅಂತ ನೋಡಿದ್ದೂ ಡಬ್ಬಿಂಗೇ. ಅಮೆರಿಕದವನ ಕಿವಿಗೆ ಆ ಸವಲತ್ತು ಕೊಟ್ಟರೆ ಕಲೆ, ನಮ್ಮಜ್ಜಿ ಕಿವಿಗೆ ಕೊಟ್ಟರೆ ಕಾಮಿಡಿ?

ಇನ್ನೊಂದು. ನಗುವ ಎಮೋಜಿ ಹಾಕಿದವರಲ್ಲಿ ಎಷ್ಟು ಜನ ಮಾರ್ವೆಲ್ ಸಿನಿಮಾಗಳನ್ನ ಹಿಂದಿಯಲ್ಲಿ ನೋಡಿದ್ದು ಅಂತ ನನಗೆ ಗೊತ್ತು. ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ನಂದೇ ಇತ್ತು.

ಕನ್ನಡ ಡಬ್ಬಿಂಗಲ್ಲಿ ತಪ್ಪಿಲ್ಲ ಅಂತಲ್ಲ. ಕೆಲವು ಸಿನಿಮಾದಲ್ಲಿ ಗುಂಡೇಟು ತಿಂದ ಸೈನಿಕನೂ ಪಠ್ಯಪುಸ್ತಕ ಓದಿದಂಗೆ ಮಾತಾಡ್ತಾನೆ, ಕಿವಿ ಮುಚ್ಕೋಬೇಕು ಅನ್ಸುತ್ತೆ. ಹಾಗಾದ್ರೆ ಚೆನ್ನಾಗಿ ಬರೆಯೋರನ್ನ ಹಾಕಿ ಅಂತ ಕೇಳೋಣ. ಕೆಟ್ಟ ಮುದ್ದೆ ಮಾಡಿದ್ರು ಅಂತ ರಾಗಿ ಬೆಳೆಯೋದನ್ನೇ ನಿಲ್ಲಿಸ್ತೀವಾ?

4/4
ಹಿರಿಯರೊಬ್ಬರು ಮೆಸೇಜ್ ಮಾಡಿ ಡಬ್ಬಿಂಗ್ ವಿರೋಧದ ಇತಿಹಾಸ ಓದಿಕೋ ಅಂದ್ರು. ಓದಿದ್ದೀನಿ ಸರ್. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅಂಥವರು ಬೀದಿಗೆ ಇಳಿದಾಗ ಬೆಂಗಳೂರಿನ ಥಿಯೇಟರ್‌ಗಳಲ್ಲೇ ಕನ್ನಡ ಚಿತ್ರಕ್ಕೆ ಜಾಗ ಇರಲಿಲ್ಲ. ಅವತ್ತು ಅದು ಬೇಕಿತ್ತು. ಆದರೆ ಕಾನೂನೇ ಇಲ್ಲದ ಆ ತಡೆ ಅರ್ಧ ಶತಮಾನ ನಿಂತಿತು. ಅದರ ಬಿಲ್ ಕಟ್ಟಿದ್ದು ಯಾರು? ಇಂಗ್ಲಿಷ್ ಬರುವವರಂತೂ ಅಲ್ಲ.

ಬಿಸಿನೆಸ್ ಲಾ ಓದುವಾಗ ಸ್ಪರ್ಧಾ ಕಾಯ್ದೆ 2002 ಬಾಯಿಪಾಠ ಮಾಡಿದ್ರಲ್ಲ, ಅದರ ಒಳ್ಳೇ ಉದಾಹರಣೆ ನಮ್ಮ ಮನೆಯದ್ದೇ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರಲ್ಲಿ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯೋದು ಸ್ಪರ್ಧೆಗೆ ವಿರುದ್ಧ ಅಂತ ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಆಮೇಲೆ 2017ರಲ್ಲಿ ಡಬ್ ಆದ 'ಸತ್ಯದೇವ್ ಐಪಿಎಸ್' ಬಂತು, ಗಲಾಟೆ ಆಯ್ತು. 2022ಕ್ಕೆ ಅವತಾರ್, 2024ಕ್ಕೆ ಕಲ್ಕಿ.

ಈಗ ತಡೆಯೋರು ಕಡಿಮೆ, ನಗೋರು ಜಾಸ್ತಿ. ಕನ್ನಡ ಶೋ ಯಾಕಿಲ್ಲ ಅಂತ ಟಿಕೆಟ್ ಕೌಂಟರಲ್ಲಿ ನಾನು ಕೇಳಿದ್ರೆ "ಯಾರೂ ಕೇಳಲ್ಲ ಕಣಪ್ಪ" ಅಂದ್ರು. ಯಾರು ಕೇಳ್ತಾರೆ, ಕೇಳಿದವನ ಸ್ಟೇಟಸ್‌ಗೆ ನೀವು ಹಿಂಗೆ ನಕ್ಕರೆ?

ಹಿರೇಮಗ ನೆಟೆಯಾಮ್ ಸತ್ತಾಗ ಅಜ್ಜಿ ಸೆರಗಲ್ಲಿ ಕಣ್ಣು ಒರೆಸಿಕೊಂಡ್ರು. 3 ಗಂಟೆ 12 ನಿಮಿಷ, ಮಧ್ಯೆ ಒಂದ್ಸಲ ಟೀಗೆ ಎದ್ದಿದ್ದು ಬಿಟ್ಟರೆ ಅಲ್ಲಾಡಲಿಲ್ಲ. ಮುಗಿದ ಮೇಲೆ ಕೇಳಿದ್ದು ಒಂದೇ: "ಆ ದೊಡ್ಡ ಮೀನಿನ ಜೊತೆ ಆಡ್ತಿದ್ದ ಚಿಕ್ಕೋನು, ಮುಂದಿನದರಲ್ಲಿ ಇರ್ತಾನೇನೋ?"

ಇರ್ತಾನೆ ಅಜ್ಜಿ ಅಂದೆ.

#ಕನ್ನಡದಲ್ಲೇನೋಡ್ತೀನಿ #ಅವತಾರ್ #ತುರುವನೂರು