ಎಷ್ಟು ಮಾದರಿ ಕಲಿತೆ?

ಬೇಸಿಗೆ ರಜೆಯಲ್ಲಿ ನಮ್ಮ ಪಟ್ಟಣಗಳಲ್ಲಿ ನಡೆಯುವ ಮಕ್ಕಳ ಶಿಬಿರಗಳಲ್ಲಿ ಚಿತ್ರಕಲೆ, ಗಾಯನಗಳ ಸಾಲಿಗೆ ಓರಿಗಾಮಿಯೂ ಸೇರಿಕೊಂಡಿದೆ. ಜಪಾನೀ ಭಾಷೆಯಲ್ಲಿ 'ಓರಿ' ಎಂದರೆ ಮಡಿಸುವುದು, 'ಕಾಮಿ' ಎಂದರೆ ಕಾಗದ. ಒಂದು ಚೌಕ ಹಾಳೆ, ಹತ್ತು ಬೆರಳು. ಕತ್ತರಿ ಬೇಡ, ಅಂಟು ಬೇಡ. ಇಷ್ಟು ಅಲ್ಪ ಸಾಮಗ್ರಿಯಿಂದ ನಡೆಯುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಲು ಮುಂದಾಗಿರುವವರು ಅಭಿನಂದನಾರ್ಹರು. ಆದರೆ ಈ ತರಗತಿಗಳಿಗೆ ಅಂಟಿಕೊಂಡಿರುವ ಒಂದು ಲೆಕ್ಕಾಚಾರ ನಮಗೆ ಸರಿತೋರುವುದಿಲ್ಲ. ಇಷ್ಟು ದಿನಗಳಲ್ಲಿ ಇಷ್ಟು ಬಗೆಯ ಮಾದರಿ ಎಂದು ಸಂಘಟಕರು ಸಾರುತ್ತಾರೆ, ಸಂಜೆ ಮನೆಗೆ ಬಂದ ಮಗುವನ್ನು ಹೆತ್ತವರು ಕೇಳುವುದೂ ಅದನ್ನೇ: "ಇವತ್ತು ಎಷ್ಟು ಮಾದರಿ ಕಲಿತೆ?" ಚೀಲದ ತುಂಬ ಕಪ್ಪೆ, ಹೂವು, ಹಕ್ಕಿಗಳಿರುತ್ತವೆ. ಒಂದು ವಾರ ಕಳೆದು ಬರಿಯ ಹಾಳೆಯೊಂದನ್ನು ಕೈಗಿತ್ತರೆ ಮಗು ತಲೆ ಕೆರೆದುಕೊಳ್ಳುತ್ತದೆ.

ಶಿಲ್ಪಿ ಕಲ್ಲನ್ನು ಕಡಿದು ತೆಗೆಯುತ್ತಾನೆ. ಮಣ್ಣಿನ ಗೊಂಬೆ ಮಾಡುವವನು ಮೆತ್ತುತ್ತ ಹೋಗುತ್ತಾನೆ. ಕಾಗದ ಮಡಿಸುವವನು ಕಳೆಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ದ್ರವ್ಯ ಇದ್ದಷ್ಟೇ ಇರುತ್ತದೆ, ರೂಪ ಮಾತ್ರ ಹೊಸತು. ಅರಿಸ್ಟಾಟಲನ ದ್ರವ್ಯ-ರೂಪ ವಿಚಾರವನ್ನು ಅರ್ಥಮಾಡಿಸಲು ಇದಕ್ಕಿಂತ ಅಗ್ಗದ ಉಪಕರಣ ನಮಗೆ ತಿಳಿದಿಲ್ಲ. ಇನ್ನೊಂದು ಗುಣವೂ ಉಂಟು. ಮಡಿಸಿದ್ದನ್ನು ಬಿಚ್ಚಬಹುದು, ಆದರೆ ಗೆರೆ ಉಳಿಯುತ್ತದೆ. ಹಕ್ಕಿಯನ್ನು ಬಿಚ್ಚಿ ಹರಡಿದಾಗ ಅದು ಹೇಗೆ ಹಕ್ಕಿಯಾಯಿತೆಂಬ ಕಥೆ ಹಾಳೆಯ ಮೇಲೆಯೇ ಬರೆದಿರುತ್ತದೆ. ಈ ಬರಹವನ್ನು ಓದಲು ಕಲಿಸದ ತರಗತಿ ಮಗುವಿಗೆ ಆಟಿಕೆಯನ್ನು ಕೊಟ್ಟೀತು, ವಿದ್ಯೆಯನ್ನಲ್ಲ.

ನಮ್ಮ ಈ ಆಕ್ಷೇಪ ಹೊಸತೇನಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಿಶುಶಿಕ್ಷಣ ಪದ್ಧತಿಯಲ್ಲಿ ಕಾಗದ ಮಡಿಸುವುದಕ್ಕೆ ಪ್ರತ್ಯೇಕ ಸ್ಥಾನವಿತ್ತು. 1876ರಲ್ಲಿ ಟೋಕಿಯೋದ ಮಹಿಳಾ ಶಿಕ್ಷಕಿಯರ ಶಾಲೆಗೆ ಸೇರಿದಂತೆ ಶಿಶುವಿಹಾರ ತೆರೆದಾಗ, ಆ ಪದ್ಧತಿಯೂ ಜಪಾನಿನಲ್ಲಿ ಮೊದಲೇ ಬೇರೂರಿದ್ದ ಸ್ವದೇಶೀ ಮಡಿಕೆಗಳೂ ಒಂದಾದವು. ಸ್ವದೇಶೀ ಪರಂಪರೆ ಎಷ್ಟು ಪ್ರೌಢವಾಗಿತ್ತೆಂಬುದಕ್ಕೆ 1797ರಲ್ಲಿ ಅಚ್ಚಾದ ಒಂದು ಪುಸ್ತಕವೇ ಸಾಕ್ಷಿ. ಒಂದೇ ಹಾಳೆಗೆ ಅಲ್ಲಲ್ಲಿ ಕತ್ತರಿಯಾಡಿಸಿ, ಪರಸ್ಪರ ಬಿಡದೆ ಅಂಟಿಕೊಂಡಿರುವ ಕ್ರೌಂಚಪಕ್ಷಿಗಳನ್ನು ಮಡಿಸುವ 49 ವಿಧಾನಗಳು ಅದರಲ್ಲಿವೆ. ಅವುಗಳನ್ನು ರೂಪಿಸಿದವರು ಕುವಾನಾ ಎಂಬ ಊರಿನ ಬೌದ್ಧ ಪುರೋಹಿತರು. ಅವರಿಗೆ ಅಷ್ಟು ಬಿಡುವು ಎಲ್ಲಿಂದ ದೊರೆಯಿತೋ ಎಂದು ನಮಗೆ ತುಸು ಅಸೂಯೆಯೇ ಆಗುತ್ತದೆ! ಇಂತಹ ನಾಡಿನಲ್ಲಿಯೂ 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಓರಿಗಾಮಿಯ ಮೇಲೆ ಟೀಕೆ ಬಂತು. ಶಿಕ್ಷಕಿ ಹೇಳಿದಂತೆ ಮಗು ಮಡಿಸುತ್ತದೆ, ಇದು ಬರಿಯ ಅನುಕರಣೆ, ಇಲ್ಲಿ ಸೃಜನಶೀಲತೆಗೆ ಎಡೆಯಿಲ್ಲ ಎಂದು ಶಿಕ್ಷಣತಜ್ಞರು ಹೇಳತೊಡಗಿದರು.

ಆ ಟೀಕೆಗೆ ಉತ್ತರವಾದುದು ವಾದದಿಂದಲ್ಲ, ಒಬ್ಬ ಮನುಷ್ಯನ ಬಾಳಿನಿಂದ. ಅಕಿರಾ ಯೋಶಿಝಾವಾ 1911ರಲ್ಲಿ ಹಸು ಸಾಕುವ ರೈತನ ಮನೆಯಲ್ಲಿ ಹುಟ್ಟಿದರು. ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಕಿರಿಯ ಕೆಲಸಗಾರರಿಗೆ ರೇಖಾಗಣಿತ ಕಲಿಸುವ ಹೊಣೆ ಅವರಿಗೆ ಬಂತು. ಅವರು ಅದನ್ನು ಕಾಗದ ಮಡಿಸಿಯೇ ಕಲಿಸಿದರು. ಅನಂತರ ಕಾರ್ಖಾನೆ ಬಿಟ್ಟು, ಮನೆಮನೆಗೆ ತಿನಿಸು ಮಾರಿ ಹೊಟ್ಟೆ ಹೊರೆದುಕೊಂಡು, ವರ್ಷಗಟ್ಟಲೆ ಮಡಿಕೆಯಲ್ಲೇ ಮುಳುಗಿದರು. ಇಂದು ಜಗತ್ತಿನೆಲ್ಲೆಡೆ ಓರಿಗಾಮಿ ಪುಸ್ತಕಗಳಲ್ಲಿ ಬಳಕೆಯಲ್ಲಿರುವ ತುಂಡುಗೆರೆ ಮತ್ತು ಬಾಣಗಳ ಸಂಕೇತಪದ್ಧತಿಗೆ 1954ರಲ್ಲಿ ಪ್ರಕಟವಾದ ಅವರ ಪುಸ್ತಕವೇ ಬುನಾದಿ. 50,000ಕ್ಕೂ ಮಿಕ್ಕಿ ಮಾದರಿಗಳನ್ನು ರಚಿಸಿರುವುದಾಗಿ ಅವರೇ ಅಂದಾಜಿಸಿದ್ದರು. ಆದರೆ ಕ್ರಮವಿವರಣೆಯೊಡನೆ ಅಚ್ಚಿಗೆ ಕೊಟ್ಟವು ಕೆಲವು ನೂರು ಮಾತ್ರ. ಒಂದು ಜೀರುಂಡೆ ತಮ್ಮ ಮನಸ್ಸಿಗೊಪ್ಪುವಂತೆ ಮೂಡಿಬರಲು ಅವರು 23 ವರ್ಷ ಶ್ರಮಿಸಿದರು. ಎಣಿಕೆಯ ಮಾತಾಡುವವರು ಈ ಸಂಖ್ಯೆಯನ್ನೂ ಎಣಿಕೆಗೆ ತೆಗೆದುಕೊಳ್ಳಲಿ.

ಹಾಗಾದರೆ ನಾನಾ ಬಗೆಯ ಮಾದರಿಗಳೇ ಬೇಡವೆ? ಬೇಕು. ಆದರೆ ಅವು ಒಂದೇ ಬೇರಿನಿಂದ ಚಿಗುರಿದವೆಂಬುದು ಮಗುವಿಗೆ ಕಾಣಬೇಕು. ಚೌಕವನ್ನು ಅದರ ಕಾಲುಭಾಗದಷ್ಟು ಸಣ್ಣ ಚೌಕಕ್ಕೆ ತರುವ ಒಂದು ಮೂಲಮಡಿಕೆ ಇದೆ. ಅದನ್ನೇ ಮುಂದುವರಿಸಿದರೆ ಒಂದು ದಾರಿಯಲ್ಲಿ ಕ್ರೌಂಚ ಮತ್ತು ರೆಕ್ಕೆ ಬಡಿಯುವ ಹಕ್ಕಿ. ಇನ್ನೊಂದು ದಾರಿಯಲ್ಲಿ ಕಪ್ಪೆ ಮತ್ತು ಲಿಲ್ಲಿ ಹೂ. ಅದನ್ನೇ ಒಳಹೊರಗು ಮಾಡಿದರೆ, ಊದಿ ಉಬ್ಬಿಸುವ ಕಾಗದದ ಬುಗ್ಗೆಗೆ ಬೇಕಾದ ಮೂಲ ಸಿದ್ಧ. ಇದನ್ನು ಕಂಡುಕೊಂಡ ಮಗು ಆರನೆಯ ಮಾದರಿಯನ್ನು ತಾನೇ ಹುಡುಕಲು ಹೊರಡುತ್ತದೆ. ಆ ಮೂಲಮಡಿಕೆಯನ್ನು ಬಿಚ್ಚಿ ನಡುಬಿಂದುವನ್ನು ನೋಡಲು ಹೇಳಬೇಕು. ನಿಜವಾಗಿ ಬಾಗಿದ್ದ ಗೆರೆಗಳಲ್ಲಿ ನಾಲ್ಕು ಬೆಟ್ಟದಂತೆ ಉಬ್ಬಿರುತ್ತವೆ, ಎರಡು ಕಣಿವೆಯಂತೆ ತಗ್ಗಿರುತ್ತವೆ. ಅಥವಾ ಹಾಳೆಯನ್ನು ಮಗುಚಿದರೆ ಇದಕ್ಕೆ ವಿಪರೀತ. ಚಪ್ಪಟೆಯಾಗಿ ಮಡಿಯುವ ಯಾವ ಮಾದರಿಯಲ್ಲೇ ಆಗಲಿ, ಹಾಳೆಯ ಒಳಗೆ ಗೆರೆಗಳು ಕೂಡುವ ಪ್ರತಿಯೊಂದು ಬಿಂದುವಿನಲ್ಲಿಯೂ ಈ ವ್ಯತ್ಯಾಸ ಎರಡೇ. ಗಣಿತಜ್ಞರು ಇದನ್ನು ಮಾಯೆಕಾವಾ ಪ್ರಮೇಯವೆನ್ನುತ್ತಾರೆ. ಹತ್ತು ವರ್ಷದ ಮಗು ಅದನ್ನು ಬೆರಳಿನಿಂದಲೇ ಪರೀಕ್ಷಿಸಬಲ್ಲುದು.

ಇದೆಲ್ಲ ಪರದೇಶದ ಪಾಂಡಿತ್ಯವೆಂದು ಯಾರೂ ಮೂಗುಮುರಿಯಬೇಕಾಗಿಲ್ಲ. ಕಾಗದ ಮಡಿಸಿ ರೇಖಾಗಣಿತ ಕಲಿಸುವ ಪುಸ್ತಕವೊಂದನ್ನು ಟಿ. ಸುಂದರ ರಾವ್ ಎಂಬವರು 1893ರಲ್ಲಿ ಮದರಾಸಿನಲ್ಲೇ ಪ್ರಕಟಿಸಿದರು. ಫ್ರೋಬೆಲನ ಶಿಶುಶಿಕ್ಷಣ ಸಾಮಗ್ರಿಯೇ ತಮಗೆ ಪ್ರೇರಣೆಯೆಂದು ಅವರು ಅದರಲ್ಲಿ ಹೇಳಿಕೊಂಡಿದ್ದಾರೆ. 1901ರಲ್ಲಿ ಅದು ಅಮೆರಿಕದ ಷಿಕಾಗೋದಲ್ಲಿ ಮರುಮುದ್ರಣವಾಯಿತು. ನಮ್ಮ ಎಷ್ಟು ಶಾಲೆಗಳ ಗ್ರಂಥಾಲಯಗಳಲ್ಲಿ ಅದರ ಒಂದು ಪ್ರತಿ ಇದ್ದೀತು?

ಬಣ್ಣದ ಕಾಗದದ ಕಟ್ಟು ಕೊಳ್ಳಲು ಎಲ್ಲ ಹೆತ್ತವರಿಗೂ ಅನುಕೂಲವಿರಲಾರದು, ಕೊಳ್ಳಬೇಕಾಗಿಯೂ ಇಲ್ಲ. ಓದಿ ಮುಗಿಸಿದ ಮೇಲೆ ಈ ಪುಟವನ್ನೇ ತೆಗೆದುಕೊಳ್ಳಿ. ಮೇಲಿನ ಒಂದು ಮೂಲೆಯನ್ನು ಎದುರಿನ ಉದ್ದಂಚಿಗೆ ಓರೆಯಾಗಿ ತಂದು, ಅಂಚಿಗೆ ಅಂಚು ಕೂಡುವಂತೆ ಮಡಿಸಿರಿ. ಕೆಳಗೆ ಉಳಿಯುವ ಪಟ್ಟಿಯನ್ನು ಹರಿದು ತೆಗೆದರೆ ದೊರೆಯುವುದು ನಿಖರವಾದ ಚೌಕ. ಅಳತೆಪಟ್ಟಿಯಿಲ್ಲದೆ ಅದು ಹೇಗೆ ಚೌಕವಾಯಿತೆಂದು ಮಗುವನ್ನು ಕೇಳಿರಿ, ಉತ್ತರಕ್ಕೆ ಅವಸರಪಡಿಸಬೇಡಿರಿ.