ಅಪ್ಪನ ಹಲ್ಲು, ಗ್ರೀಸಿನ ಬೇಳೆ

ಹೋದ ತಿಂಗಳು ಅಪ್ಪನ ಹಲ್ಲು ಪೂರ್ತಿ ತೆಗೆಸಿದ್ವಿ. ವಸಡು ಮಾಗಿ ಹೊಸ ಸೆಟ್ ಕೂಡಿಸೋಕೆ ಇನ್ನೂ 2 ತಿಂಗಳು ಬೇಕಂತೆ. ನಾನು ವರ್ಕ್ ಫ್ರಮ್ ಹೋಮ್ ತಗೊಂಡು ಬೆಂಗಳೂರಿಂದ ಭಾಲ್ಕಿಗೆ ಬಂದು ನೋಡಿದರೆ, ರೊಟ್ಟಿ ಇಲ್ಲದಿದ್ದರೆ ಅದು ಊಟವೇ ಅಲ್ಲ ಅನ್ನುತ್ತಿದ್ದ ಮನುಷ್ಯ ಹಾಲು-ಅನ್ನ ಕಲಸಿಕೊಂಡು ಒಳಗಿನ ಕೋಣೆಯಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಅಂಗಿ ಸಡಿಲಾಗಿತ್ತು. "ಬಾಯಿ ಆಡಸೋದು ಯಾರೂ ನೋಡಬಾರದಂತ, ಅದಕ್ಕ ಒಳಗ ಕುಂದರ್ತಾರ" ಅಂದಳು ಅವ್ವ.

ಆಗ ನೆನಪಾಗಿದ್ದು ಫಾವಾ. ಒಮ್ಮೆ ಟೀಮ್ ಲಂಚ್‌ಗೆ ಹೋದಾಗ ತಿಂದಿದ್ದೆ. ಗ್ರೀಸ್‌ನ ಸ್ಯಾಂಟೊರಿನಿ ಅನ್ನೋ ದ್ವೀಪದ ಬೇಳೆ ಅದು. ಜ್ವಾಲಾಮುಖಿಯ ಬೂದಿ ಮಣ್ಣು, ಮಳೆ ಕಮ್ಮಿ, ಅಲ್ಲೂ ಬೆಳೆಯೋದು ಬೇಳೆಕಾಳು. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಕಡೆದು, ಮೇಲೆ ಹಸಿ ಎಣ್ಣೆ ಸುರಿದು ತಿಂತಾರೆ. ಈಸ್ಟರ್ ಮುಂಚಿನ ಉಪವಾಸದಲ್ಲಿ ಗ್ರೀಕರು ಮಾಂಸ, ಮೊಟ್ಟೆ, ಹಾಲು ಬಿಡೋದರಿಂದ ಇಂಥ ಬೇಳೆ ಅಡುಗೆ ಅವರಲ್ಲಿ ಬಹಳ. ಅವರದು ತೊಗರಿ ಅಲ್ಲ, ಬೇರೆ ಜಾತಿ. ಆದರೆ ನಮ್ಮ ಮನೆ ಡಬ್ಬಿಯಲ್ಲಿ ಅಪ್ಪ ಬೆಳೆದ ತೊಗರಿ ಇರುವಾಗ ನಾನ್ಯಾಕೆ ಆನ್‌ಲೈನ್ ಹುಡುಕಲಿ? ಪಕ್ಕದ ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ, ನಮ್ಮದೇನು ಕಮ್ಮಿ ಅಂತ ಅಪ್ಪ ಈಗಲೂ ಜಗಳ ತೆಗೀತಾನೆ.

ಆಲಿವ್ ಎಣ್ಣೆ ಕೇಳಿದರೆ ಓಣಿಯ ಮೆಡಿಕಲ್ ಶಾಪ್‌ನವರು ಸಣ್ಣ ಡಬ್ಬಿ ಕೊಟ್ಟು "ಕೂಸಿಗಿ ಎಷ್ಟು ತಿಂಗಳಾತು?" ಅಂದರು. ವಾಪಸ್ ಕೊಟ್ಟು ಬಂದೆ. ರೊಟ್ಟಿ-ಹಿಂಡಿಗೆ ನಾವು ಹಾಕಿಕೊಳ್ಳೋ ಕುಸುಬಿ ಎಣ್ಣೆಯೂ ಹಸಿಯಾಗೇ ಬೀಳುತ್ತೆ ತಾನೇ, ಅದೇ ಸಾಕು.

1 ಕಪ್ ತೊಗರಿ ಬೇಳೆ ಅರ್ಧ ತಾಸು ನೆನೆಸಿ. 3 ಕಪ್ ನೀರು, ಹೆಚ್ಚಿದ 1 ಉಳ್ಳಾಗಡ್ಡಿ, 4 ಎಸಳು ಬಳ್ಳೊಳ್ಳಿ ಹಾಕಿ ಕುಕ್ಕರ್‌ನಲ್ಲಿ ಹಣ್ಣಾಗುವಂತೆ ಬೇಯಿಸಿ. ಅರಿಶಿಣ ಬೇಡ. ಉಪ್ಪು ಹಾಕಿ, ಕಡಗೋಲಿಂದ ನುಣ್ಣಗೆ ಕಡೆದು, ಗಟ್ಟಿಯಾಗೋವರೆಗೆ ಸಣ್ಣ ಉರಿಯಲ್ಲಿ ತಿರುವುತ್ತಿರಿ. ಆರಿದರೆ ಇನ್ನೂ ಗಟ್ಟಿಯಾಗುತ್ತೆ, ಸ್ವಲ್ಪ ಮೊದಲೇ ಇಳಿಸಿ. ಅರ್ಧ ಲಿಂಬೆ ಹಿಂಡಿ, 2 ಚಮಚ ಕುಸುಬಿ ಎಣ್ಣೆ ಬಿಡಿ. ಮೇಲೆ ಸಣ್ಣಗೆ ಹೆಚ್ಚಿದ ಹಸಿ ಉಳ್ಳಾಗಡ್ಡಿ (ಹಲ್ಲಿದ್ದವರಿಗೆ ಮಾತ್ರ).

ಪಕ್ಕಕ್ಕೆ ಜಾಜಿಕಿ. ರಾತ್ರಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿಟ್ಟೆ, ಶ್ರೀಖಂಡಕ್ಕೆ ಚಕ್ಕಾ ಮಾಡ್ತಾರಲ್ಲ ಹಾಗೆ. ಸೌತೆಕಾಯಿ ತುರಿದು, ಉಪ್ಪು ಹಚ್ಚಿ, ನೀರು ಗಟ್ಟಿಯಾಗಿ ಹಿಂಡಿ ತೆಗೆಯೋದೇ ಇಲ್ಲಿ ಮುಖ್ಯ. ಇಲ್ಲದಿದ್ದರೆ ಮಜ್ಜಿಗೆ ಆಗುತ್ತೆ. ಜೊತೆಗೆ ಜಜ್ಜಿದ ಬಳ್ಳೊಳ್ಳಿ ಒಂದೆಸಳು, ಸಬ್ಬಸಗಿ ಸೊಪ್ಪು. ಸಬ್ಬಸಗಿ ಗ್ರೀಕರಿಗೂ ಬಹಳ ಬೇಕು. ನಮ್ಮಲ್ಲಿ ಅರ್ಧ ಊರು ಅದಕ್ಕೆ ಶೇಪು ಅನ್ನುತ್ತೆ, ಮಹಾರಾಷ್ಟ್ರದ ಗಡಿ ನೋಡಿ.

ಅವ್ವ ಎಲ್ಲ ನೋಡ್ತಾ ನಿಂತಿದ್ದಳು. "ಒಗ್ಗರಣಿ?"

"ಇಲ್ಲವ್ವ."

"ಸಾಸಿವಿ, ಜೀರಿಗಿ ಏನೂ ಇಲ್ಲ? ಪಾಪ, ಆ ಮಂದಿಗಿ ಯಾರೂ ಹೇಳೇ ಇಲ್ಲೇನು?"

ತಾಟು ನಾನು ಬೇಕಂತಲೇ ಪಡಸಾಲೆಯಲ್ಲಿ ಹಾಕಿದೆ. ಅವ್ವ ಕಾಗದದಂಥ ತೆಳು ರೊಟ್ಟಿ ಬಿಸಿಬಿಸಿ ತಂದಳು. ಅದನ್ನೇ ಸಣ್ಣಗೆ ಮುರಿದು ಬೇಳೆಯಲ್ಲಿ ಅದ್ದಿ ಮೆತ್ತಗಾಗಲು ಬಿಟ್ಟೆ. ಅಪ್ಪ ಬಾಗಿಲಲ್ಲಿ ಒಂದು ನಿಮಿಷ ನಿಂತ. ನಾವಿಬ್ಬರೂ ತಾಟು ನೋಡ್ತಾ ಉಣ್ಣೋಕೆ ಶುರು ಮಾಡಿದ್ವಿ. ಬಂದು ಕೂತ.

"ಇದಕ್ಕ ಏನಂತಾರ?"

"ಫಾವಾ."

"ಬ್ಯಾಳಿ ಅದ ಇದು" ಅಂದ. ಎರಡು ಸಲ ಹಾಕಿಸಿಕೊಂಡ. ರೊಟ್ಟಿ ಒಂದೂವರೆ. ಜಾಜಿಕಿ ಮುಟ್ಟಲಿಲ್ಲ, ಬಳ್ಳೊಳ್ಳಿ ಜಾಸ್ತಿ ಆಯ್ತಂತೆ.

ಮರುದಿನ ಮೀಟಿಂಗ್‌ನಲ್ಲಿದ್ದಾಗ ಅಡುಗೆಮನೆಯಿಂದ ಸಾಸಿವೆ ಸಿಡಿಯೋ ಸದ್ದು ಬಂತು. ಮ್ಯೂಟ್ ಮಾಡಿ ಓಡಿ ಹೋದೆ. ಉಳಿದ ಫಾವಾ ಮೇಲೆ ಅವ್ವ ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಸುರೀತಿದ್ದಳು. ಪಡಸಾಲೆಯಿಂದ ಅಪ್ಪ ಕೂಗಿದ, "ತಾಟು ಹಾಕಿದೇನು?"